ನಿಮಗಿದು ಗೊತ್ತೆ? ಕಾರಿನ ಗಾಜಿನ ಮೇಲೆ ಕೂತಿರುವುದು ಕಲ್ಲು!

ಕಾರಿನ ಗಾಜಿನ ಮೇಲೆ ಎಷ್ಟು ಉಜ್ಜಿದರೂ ಹೋಗದ ಆ ಬಿಳಿ ಚುಕ್ಕೆಗಳು ಕೊಳೆಯಲ್ಲ, ಕಲ್ಲು. ಬೆಂಗಳೂರಿನ ಸಹಕಾರನಗರದ ಬೀದಿಯಲ್ಲಿ ಬೆಳಗ್ಗೆ ಕೊಳವೆಬಾವಿ ನೀರಿನಿಂದ ಕಾರು ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ನೀರು ಆರುತ್ತದೆ. ಅದರಲ್ಲಿ ಕರಗಿದ್ದ ಸುಣ್ಣದಂಶ ಗಾಜಿಗೆ ಅಂಟಿಕೊಳ್ಳುತ್ತದೆ. ಗೀಸರ್ ಒಳಗೆ ಕಟ್ಟುವ ಬಿಳಿ ಪದರವೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಇದಕ್ಕೆ ಸೋಪು ನಾಟುವುದಿಲ್ಲ, ಹುಳಿ ಬೇಕು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ನೆರಳಲ್ಲಿ ನಿಂತ ಕಾರಿನ ಗಾಜಿಗೆ ಒತ್ತಿಡಿ. ಐದು ನಿಮಿಷ ಬಿಟ್ಟು ಒರೆಸಿ, ತೊಳೆದು, ಒಣಬಟ್ಟೆಯಿಂದ ನೀರು ತೆಗೆಯಿರಿ. ಬಾತ್‌ರೂಮಿನ ಆ್ಯಸಿಡ್ ಮಾತ್ರ ಬೇಡವೇ ಬೇಡ. ಪೇಂಟೂ ಹಾಳು, ಕೈಯೂ ಸುಡುತ್ತದೆ.

ಕೈಯ ವಿಷಯ ಸಣ್ಣದಲ್ಲ. ಚರ್ಮದ ಮೇಲ್ಪದರ ತುಸು ಆಮ್ಲೀಯ, ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10. ಸುಣ್ಣದಂಶದ ಈ ಗಡಸು ನೀರು, ಸೋಪಿನಲ್ಲಿ ಕೈ ದಿನವೂ ನೆನೆದರೆ ಎಣ್ಣೆಯಂಶ ಹೋಗಿ ಬೆರಳಿನ ಸಂದು ಬಿರಿಯುತ್ತದೆ. ನೈಟ್ರೈಲ್ ಗ್ಲೌಸ್ ಇದ್ದರೆ ಇದು ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಕೈ ಒರೆಸಿ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಹಾಗಾದರೆ ಕೊಳವೆಬಾವಿ ನೀರಿನ ಬದಲು ನಲ್ಲಿಯ ಕಾವೇರಿ ನೀರಲ್ಲೇ ಕಾರು ತೊಳೆದರಾಯಿತು ಎನ್ನುವಂತಿಲ್ಲ. ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ದಂಡ 5,000 ರೂಪಾಯಿ.

ನಿಮ್ಮ ಕಾರನ್ನು ದಿನವೂ ತೊಳೆಯುವವರು ಬೇರೆಯವರಾದರೆ, ಅವರಿಗೂ ಒಂದು ಜೊತೆ ಗ್ಲೌಸ್ ಕೊಡಿಸಿ.