ಒಂದೇ ಹೆಸರು, ಎರಡು ಪುಸ್ತಕ: ನ್ಯಾನ್ಸಿ ಡ್ರೂ ಮತ್ತು ಹಾರ್ಡಿ ಬಾಯ್ಸ್ ಮತ್ತೆ ಓದಿದಾಗ

ಹಳದಿ ಬೆನ್ನಿನ ನ್ಯಾನ್ಸಿ ಡ್ರೂ, ನೀಲಿ ಬೆನ್ನಿನ ಹಾರ್ಡಿ ಬಾಯ್ಸ್ ಪುಸ್ತಕಗಳನ್ನು ನಮ್ಮಲ್ಲಿ ಅನೇಕರು ಹೈಸ್ಕೂಲಿನಲ್ಲಿ ಓದಿದ್ದೇವೆ. ಪಿಯುಸಿಗೆ ಬಂದ ಮೇಲೆ ಅವು ‘ಚಿಕ್ಕ ಮಕ್ಕಳ ಪುಸ್ತಕ’ ಆಗಿಬಿಡುತ್ತವೆ. ಆದರೆ ಈಗ ಮತ್ತೆ ಕೈಗೆತ್ತಿಕೊಂಡರೆ ಬೇರೆ ರೀತಿಯ ಪತ್ತೇದಾರಿಕೆ ಶುರುವಾಗುತ್ತದೆ. ಆಗ ಕಳ್ಳ ಯಾರು ಎಂದು ಹುಡುಕುತ್ತಿದ್ದೆವು. ಈಗ ಕೇಳಬೇಕಾದ ಪ್ರಶ್ನೆಗಳು ಮೂರು. ಈ ಪುಸ್ತಕವನ್ನು ನಿಜವಾಗಿ ಬರೆದವರು ಯಾರು? ನಂತರ ಅದನ್ನು ಬದಲಾಯಿಸಿದವರು ಯಾರು? ಕಥೆಯಲ್ಲಿ ಅನುಮಾನ ಯಾರ ಮೇಲೆ ಬೀಳುತ್ತದೆ?

ಹೆಸರಿದೆ, ವ್ಯಕ್ತಿ ಇಲ್ಲ

ನ್ಯಾನ್ಸಿ ಡ್ರೂ ಪುಸ್ತಕಗಳ ಮೇಲೆ ಕ್ಯಾರೊಲಿನ್ ಕೀನ್ ಎಂದೂ, ಹಾರ್ಡಿ ಬಾಯ್ಸ್ ಮೇಲೆ ಫ್ರಾಂಕ್ಲಿನ್ ಡಬ್ಲ್ಯು. ಡಿಕ್ಸನ್ ಎಂದೂ ಲೇಖಕರ ಹೆಸರಿದೆ. ಈ ಹೆಸರಿನ ಲೇಖಕರು ಇರಲೇ ಇಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ ಎಡ್ವರ್ಡ್ ಸ್ಟ್ರಾಟೆಮೇಯರ್ (1862–1930) ಎಂಬವರು 20ನೇ ಶತಮಾನದ ಆರಂಭದಲ್ಲಿ ‘ಸ್ಟ್ರಾಟೆಮೇಯರ್ ಸಿಂಡಿಕೇಟ್’ ಎಂಬ ಸಂಸ್ಥೆ ಕಟ್ಟಿದರು. ಹಾರ್ಡಿ ಬಾಯ್ಸ್ 1927ರಲ್ಲಿ, ನ್ಯಾನ್ಸಿ ಡ್ರೂ 1930ರಲ್ಲಿ ಈ ಸಂಸ್ಥೆಯಿಂದಲೇ ಹೊರಬಂದವು.

ಕೆಲಸ ನಡೆಯುತ್ತಿದ್ದ ರೀತಿ ಒಂದು ಕಾರ್ಖಾನೆಯಂತಿತ್ತು. ಕಥೆಯ ಚೌಕಟ್ಟನ್ನು ಸಿಂಡಿಕೇಟ್ ಕೆಲವು ಪುಟಗಳಲ್ಲಿ ಬರೆದು ಒಬ್ಬ ಲೇಖಕರಿಗೆ ಕಳಿಸುತ್ತಿತ್ತು. ಅವರು ಅದನ್ನು ಬೆಳೆಸಿ ಪೂರ್ತಿ ಕಾದಂಬರಿ ಮಾಡಿ ಹಿಂದಿರುಗಿಸುತ್ತಿದ್ದರು. ಸಿಂಡಿಕೇಟ್ ತಿದ್ದುತ್ತಿತ್ತು, ಗ್ರಾಸೆಟ್ ಅಂಡ್ ಡನ್‌ಲ್ಯಾಪ್ ಎಂಬ ಪ್ರಕಾಶನ ಸಂಸ್ಥೆ ಅಚ್ಚು ಹಾಕುತ್ತಿತ್ತು. ಬೆಲೆ 50 ಸೆಂಟ್. ಮಕ್ಕಳ ಕೈಗೆಟಕುವ ದರವಿಟ್ಟು ಹೆಚ್ಚು ಪ್ರತಿ ಮಾರುವುದು ಇದರ ಲೆಕ್ಕಾಚಾರ.

ಲೇಖಕರಿಗೆ ಸಿಗುತ್ತಿದ್ದದ್ದು ಒಂದೇ ಸಲದ ಹಣ. ಮೊದಲ ನ್ಯಾನ್ಸಿ ಡ್ರೂ ಪುಸ್ತಕಕ್ಕೆ 125 ಡಾಲರ್ ಕೊಟ್ಟರು. ಮುಂದೆ ಆರ್ಥಿಕ ಕುಸಿತದ ವರ್ಷಗಳಲ್ಲಿ ಅದನ್ನು 75ಕ್ಕೆ ಇಳಿಸಿದರು. ಕಾಮರ್ಸ್ ವಿದ್ಯಾರ್ಥಿಗಳಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಪ್ರತಿಯೊಂದಕ್ಕೆ 5 ಸೆಂಟ್ ರಾಯಲ್ಟಿ ಎಂದು ಸುಮ್ಮನೆ ಊಹಿಸಿಕೊಳ್ಳಿ. 2,500 ಪ್ರತಿ ಮಾರಾಟವಾದರೆ 125 ಡಾಲರ್ ಆಗಿಬಿಟ್ಟಿತು. ಮಾರಾಟವಾದದ್ದೋ ಕೋಟಿಗಟ್ಟಲೆ. ಉಳಿದ ಆದಾಯವೆಲ್ಲ ಹಕ್ಕು ಇಟ್ಟುಕೊಂಡವರದು. ಅದರ ಮೇಲೆ ಲೇಖಕರು ತಾವು ಬರೆದದ್ದು ಎಂದು ಎಲ್ಲೂ ಹೇಳಿಕೊಳ್ಳಬಾರದು ಎಂಬ ಷರತ್ತು ಬೇರೆ.

ಗುಪ್ತನಾಮ ಇಡುವುದು ಹೊಸದೇನಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಉರ್ದುವಿನಲ್ಲಿ ಓದುತ್ತಿದ್ದ ಜಾಸೂಸಿ ಕಾದಂಬರಿಗಳ ಇಬ್ನೆ ಸಫಿ ಕೂಡ ಗುಪ್ತನಾಮವೇ. ಅವರ ನಿಜವಾದ ಹೆಸರು ಅಸ್ರಾರ್ ಅಹ್ಮದ್. ಆದರೆ ಆ ಹೆಸರಿನ ಹಿಂದೆ ಒಬ್ಬ ಮನುಷ್ಯರಿದ್ದರು, ಹೆಸರಿನ ಕೀರ್ತಿ ಅವರಿಗೇ ಸಂದಿತು. ಕ್ಯಾರೊಲಿನ್ ಕೀನ್ ಎಂಬ ಹೆಸರು ಮಾತ್ರ ಸಂಸ್ಥೆಯ ಆಸ್ತಿ, ಅಂಗಡಿಯ ಬೋರ್ಡ್ ಇದ್ದಂತೆ. ಒಳಗೆ ಕೂತು ಬರೆಯುವವರು ಬದಲಾಗಬಹುದು, ಬೋರ್ಡ್ ಬದಲಾಗುವುದಿಲ್ಲ.

ಮರೆಯಲ್ಲಿದ್ದ ಇಬ್ಬರು

ಮೊದಲ ಹಾರ್ಡಿ ಬಾಯ್ಸ್ ಪುಸ್ತಕಗಳನ್ನು ಬರೆದವರು ಕೆನಡಾದ ಪತ್ರಕರ್ತ ಲೆಸ್ಲಿ ಮ್ಯಾಕ್‌ಫರ್ಲೇನ್. ಬಹಳ ವರ್ಷಗಳ ನಂತರ, 1976ರಲ್ಲಿ, ಅವರು ಈ ಅನುಭವವನ್ನೇ ಆತ್ಮಕಥೆಯಾಗಿ ಪ್ರಕಟಿಸಿದರು.

ನ್ಯಾನ್ಸಿ ಡ್ರೂಗೆ ಜೀವ ಕೊಟ್ಟವರು ಐಯೊವಾ ರಾಜ್ಯದ ಮಿಲ್ಡ್ರೆಡ್ ವರ್ಟ್ ಬೆನ್ಸನ್ (1905–2002). ಐಯೊವಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಮಾಸ್ಟರ್ಸ್ ಪದವಿ ಪಡೆದ ಮೊದಲ ಮಹಿಳೆ ಅವರು. ಮೊದಲ 30 ಪುಸ್ತಕಗಳಲ್ಲಿ 23 ಅವರವು. ಸ್ಟ್ರಾಟೆಮೇಯರ್ 1930ರ ಮೇ ತಿಂಗಳಲ್ಲಿ, ನ್ಯಾನ್ಸಿ ಡ್ರೂ ಅಂಗಡಿಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮಗಳು ಹ್ಯಾರಿಯೆಟ್ ಆಡಮ್ಸ್ ಸಿಂಡಿಕೇಟ್ ನಡೆಸತೊಡಗಿದರು. ಮುಂದೆ ಹ್ಯಾರಿಯೆಟ್ ಅವರೇ ಈ ಸರಣಿಯ ಲೇಖಕಿ ಎಂದು ಜನ ನಂಬುವಂತಾಯಿತು. 1980ರಲ್ಲಿ ಪ್ರಕಾಶಕರ ನಡುವಿನ ಒಂದು ಮೊಕದ್ದಮೆಯಲ್ಲಿ ಬೆನ್ಸನ್ ಸಾಕ್ಷಿ ಹೇಳಿದಾಗ ಸತ್ಯ ಹೊರಬಿತ್ತು. ಮೊದಲ ಪುಸ್ತಕ ಬಂದು ಆಗಲೇ 50 ವರ್ಷ ಕಳೆದಿತ್ತು.

1959ರ ದುರಸ್ತಿ

ಮೊದಲ ಮುದ್ರಣಗಳಲ್ಲಿ ಕರಿಯ ಜನರನ್ನು, ಯಹೂದಿಗಳನ್ನು, ಬೇರೆ ದೇಶದಿಂದ ಬಂದವರನ್ನು ಕೀಳಾಗಿ ತೋರಿಸುವ ಭಾಗಗಳು ಇದ್ದವು. ಓದುಗರ ಮನೆಗಳಿಂದ ಆಕ್ಷೇಪಣೆಯ ಪತ್ರಗಳು ಬಂದವು, ಪ್ರಕಾಶಕರೂ ಒತ್ತಾಯಿಸಿದರು. ಹೀಗಾಗಿ 1959ರಿಂದ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ತಿದ್ದಿ ಬರೆಸಲಾಯಿತು. ಈ ಕೆಲಸ 1970ರ ದಶಕದವರೆಗೂ ನಡೆಯಿತು. 25 ಅಧ್ಯಾಯಗಳನ್ನು 20ಕ್ಕೆ ಇಳಿಸಿದರು. ಅದರಿಂದ ಅಚ್ಚಿನ ಖರ್ಚೂ ಉಳಿಯಿತು. 16 ವರ್ಷದ ನ್ಯಾನ್ಸಿಗೆ 18 ಆಯಿತು. ಕೆಲವು ಕಥೆಗಳು ಗುರುತೇ ಸಿಗದಷ್ಟು ಬದಲಾದವು. ಹೆಸರು ಮಾತ್ರ ಅದೇ ಉಳಿಯಿತು. ಇಲ್ಲಿ ನಾವು ಸಾಮಾನ್ಯವಾಗಿ ಓದಿರುವುದು ಈ ಎರಡನೆಯ ರೂಪವನ್ನು.

ಮೊದಲ ಪುಸ್ತಕ ‘ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್’ನಲ್ಲಿ ನ್ಯಾನ್ಸಿ ಒಬ್ಬ ಮುದುಕರ ಕಳೆದುಹೋದ ವಿಲ್ ಹುಡುಕುತ್ತಾಳೆ. ಅದರಲ್ಲಿ ಜೆಫ್ ಟಕರ್ ಎಂಬ ಕಾವಲುಗಾರ ಬರುತ್ತಾನೆ. 1930ರ ಪುಸ್ತಕದಲ್ಲಿ ಅವನು ಕರಿಯ. ಕುಡಿದು ತೂರಾಡುತ್ತಾನೆ, ಅವನ ಮಾತನ್ನು ನಗೆ ಬರುವ ಹಾಗೆ ಒರಟು ಭಾಷೆಯಲ್ಲಿ ಬರೆದಿದ್ದಾರೆ. 1959ರ ಪುಸ್ತಕದಲ್ಲಿ ಕುಡಿತವೂ ಇಲ್ಲ, ಆ ಭಾಷೆಯೂ ಇಲ್ಲ. ಅವನು ಕರಿಯ ಎಂಬುದೂ ಇಲ್ಲ.

ನಿಂತು ಯೋಚಿಸಬೇಕಾದ ಜಾಗ ಇದು. ಅವಮಾನವನ್ನು ತೆಗೆದದ್ದು ಸರಿಯೇ. ಆದರೆ ತೆಗೆಯುವಾಗ ಆ ಮನುಷ್ಯನನ್ನೂ ಜೊತೆಗೇ ತೆಗೆದುಹಾಕಿದರು. ಜೆಫ್ ಟಕರ್ ಕರಿಯನಾಗಿಯೇ ಇದ್ದು, ಮರ್ಯಾದೆಯಿಂದ ಕೆಲಸ ಮಾಡುವ ಕಾವಲುಗಾರನಾಗಬಹುದಿತ್ತು. ಹಾಗೆ ಮಾಡಲಿಲ್ಲ. ಸರಣಿಯ ತಿದ್ದಿದ ಪುಸ್ತಕಗಳಲ್ಲಿ ಹೆಚ್ಚಾಗಿ ಆದದ್ದು ಇದೇ. 1930ರಲ್ಲಿ ಈ ಪುಸ್ತಕ ಓದಿದ ಕರಿಯ ಹುಡುಗಿಗೆ ತನ್ನವರು ಕುಡುಕರಾಗಿ ಕಂಡರು. 1959ರ ನಂತರ ಓದಿದವಳಿಗೆ ತನ್ನವರು ಕಾಣಲೇ ಇಲ್ಲ. ಎರಡೂ ಸಲ ಅವಳು ಕಥೆಯ ಹೊರಗೇ ನಿಂತಳು.

ಅನುಮಾನದ ಪಾಠ

ಪತ್ತೇದಾರಿ ಕಥೆ ಸುಳಿವು ಹುಡುಕುವುದನ್ನು ಕಲಿಸುತ್ತದೆ ಎನ್ನುತ್ತೇವೆ. ಅದರ ಜೊತೆಗೆ ಯಾರನ್ನು ಮೊದಲು ಅನುಮಾನಿಸಬೇಕು ಎಂಬುದನ್ನೂ ಅದು ಸದ್ದಿಲ್ಲದೆ ಕಲಿಸುತ್ತದೆ. ಬಣ್ಣ ಕಪ್ಪಗಿದ್ದರೆ, ಉಡುಪು ಬೇರೆಯಿದ್ದರೆ, ಮಾತಿನ ಧಾಟಿ ಬೇರೆಯಿದ್ದರೆ ಆ ಪಾತ್ರ ಸರಿಯಿಲ್ಲ ಎಂದು ಹಳೆಯ ಪುಟಗಳು ಓದುಗರಿಗೆ ಮೊದಲೇ ಸೂಚನೆ ಕೊಟ್ಟುಬಿಡುತ್ತವೆ. ಅಲ್ಲಿ ಸಾಕ್ಷ್ಯಕ್ಕಿಂತ ಮುಂಚೆ ಮುಖ ಮಾತಾಡುತ್ತದೆ. 12 ವರ್ಷದಲ್ಲಿ ಇದು ಗಮನಕ್ಕೆ ಬರುವುದಿಲ್ಲ, ಕಥೆ ಓಡುತ್ತಿರುತ್ತದೆ. 17ರಲ್ಲಿ ಗಮನಕ್ಕೆ ಬರುತ್ತದೆ. ಹೆಸರು ಕೇಳಿ, ಟೋಪಿ ಅಥವಾ ಹಿಜಾಬ್ ನೋಡಿ ಜನ ತೀರ್ಮಾನಕ್ಕೆ ಬರುವುದನ್ನು ಕಂಡವರಿಗಂತೂ ಇನ್ನೂ ಬೇಗ ಬರುತ್ತದೆ.

ಹಾರ್ಡಿ ಬಾಯ್ಸ್‌ನಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ಮ್ಯಾಕ್‌ಫರ್ಲೇನ್ ಬರೆದ ಪುಸ್ತಕಗಳಲ್ಲಿ ಬೇಪೋರ್ಟ್ ಊರಿನ ಪೊಲೀಸ್ ಮುಖ್ಯಸ್ಥ ಕಾಲಿಗ್, ಡಿಟೆಕ್ಟಿವ್ ಸ್ಮಫ್ ಇಬ್ಬರೂ ನಗೆಪಾಟಲಿನ ಪಾತ್ರಗಳು. ಅಧಿಕಾರದಲ್ಲಿ ಇದ್ದವರೂ ತಪ್ಪು ಮಾಡಬಹುದು ಎಂಬ ತಮಾಷೆ ಅಲ್ಲಿತ್ತು. ತಿದ್ದಿದ ಪುಸ್ತಕಗಳಲ್ಲಿ ಪೊಲೀಸರಿಗೆ ಗೌರವ ಬಂತು, ತಮಾಷೆ ಹೋಯಿತು. ನ್ಯಾನ್ಸಿ ಕೂಡ ಹಳೆಯದರಲ್ಲಿ ಹೆಚ್ಚು ಧೈರ್ಯದವಳು, ಹೊಸದರಲ್ಲಿ ಹೆಚ್ಚು ವಿಧೇಯಳು. ಹಾಗಾಗಿ ಹಳೆಯದೆಲ್ಲ ಕೆಟ್ಟದ್ದು, ತಿದ್ದಿದ್ದೆಲ್ಲ ಒಳ್ಳೆಯದು ಎಂದು ಸುಲಭವಾಗಿ ಹೇಳಲಾಗದು.

ಹಾಗಾದರೆ ಓದಬಾರದೇ?

ಓದಬೇಕು. 1930ರಲ್ಲಿ ತಾನೇ ಕಾರು ಓಡಿಸಿಕೊಂಡು ಹೋಗಿ, ದೊಡ್ಡವರು ಬಿಡಿಸಲಾರದ ಗಂಟನ್ನು ಬಿಡಿಸುವ ಹುಡುಗಿ ಸಣ್ಣ ಪಾತ್ರವಲ್ಲ. ಅಮೆರಿಕದ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಯಾಗಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ ಮತ್ತು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಇಬ್ಬರೂ ಬಾಲ್ಯದಲ್ಲಿ ನ್ಯಾನ್ಸಿ ಡ್ರೂ ಓದಿ ಪ್ರಭಾವಿತರಾದವರು. ಸೊಟೊಮೇಯರ್ ಪೋರ್ಟೊರಿಕೊ ಮೂಲದ ಬಡ ಕುಟುಂಬದಿಂದ ಬಂದವರು. ನ್ಯಾನ್ಸಿಯ ಜಗತ್ತಿನಲ್ಲಿ ಅವರಂಥವರಿಗೆ ಜಾಗ ಇರಲಿಲ್ಲ. ಆದರೂ ಆ ಪುಸ್ತಕದಿಂದ ತಮಗೆ ಬೇಕಾದ್ದನ್ನು ಅವರು ತೆಗೆದುಕೊಂಡರು. ಓದುಗರಿಗೆ ಆ ಶಕ್ತಿ ಇದೆ.

ನಿಮ್ಮ ಕೈಯಲ್ಲಿರುವ ಪ್ರತಿ ಯಾವ ರೂಪದ್ದು ಎಂದು ತಿಳಿಯುವುದು ಸುಲಭ. ಸರಣಿಯ ಆರಂಭದ ಪುಸ್ತಕವಾದರೆ ಅಧ್ಯಾಯ ಎಣಿಸಿ. 25 ಇದ್ದರೆ ಹಳೆಯದು, 20 ಇದ್ದರೆ ತಿದ್ದಿದ್ದು. ಶೀರ್ಷಿಕೆಯ ಹಿಂದಿನ ಪುಟದಲ್ಲಿ ಕಾಪಿರೈಟ್ ವರ್ಷಗಳನ್ನು ನೋಡಿ. ಎರಡು ವರ್ಷಗಳಿದ್ದರೆ ನಡುವೆ ಏನೋ ಬದಲಾಗಿರಬಹುದು. ಅಮೆರಿಕದಲ್ಲಿ 1927ರ ಹಾರ್ಡಿ ಬಾಯ್ಸ್ ಪುಸ್ತಕಗಳ ಹಕ್ಕಿನ ಅವಧಿ ಮುಗಿದು 2023ರಿಂದ, 1930ರ ನ್ಯಾನ್ಸಿ ಡ್ರೂ ಪುಸ್ತಕಗಳದು 2026ರಿಂದ ಸಾರ್ವಜನಿಕ ಆಸ್ತಿಯಾಗಿವೆ. ಹಳೆಯ ರೂಪ ಇನ್ನು ಮುಂದೆ ಹೆಚ್ಚು ಸುಲಭವಾಗಿ ಸಿಗಲಿದೆ.

ಸಾಧ್ಯವಾದರೆ ಒಂದೇ ಕಥೆಯ ಎರಡೂ ರೂಪಗಳನ್ನು ಪಕ್ಕಪಕ್ಕ ಇಟ್ಟು ಓದಿ. ಯಾವ ಸಾಲು ಹೋಗಿದೆ, ಯಾವ ಪಾತ್ರ ಕಾಣೆಯಾಗಿದೆ ಎಂದು ಗುರುತು ಹಾಕಿಕೊಳ್ಳಿ. ಕಾಣೆಯಾದವರನ್ನು ಹುಡುಕುವುದು ಹೇಗೆಂದು ನ್ಯಾನ್ಸಿಯೇ ನಮಗೆ ಹೇಳಿಕೊಟ್ಟಿದ್ದಾಳೆ.