ಕೆಂಪು ನಕ್ಷೆ, ಮೂಗಿನ ಲೆಕ್ಕ

ದೀಪಾವಳಿ ಮುಗಿಯುವುದೇ ತಡ, ಆ ನಕ್ಷೆ ವಾಟ್ಸಾಪಿಗೆ ಬಂದು ಬೀಳುತ್ತದೆ. ಪಂಜಾಬಿನಿಂದ ಬಿಹಾರದವರೆಗೆ ಕಡುಗೆಂಪು. ಕೆಳಗೊಂದು ಸಾಲು: ‘ಉಪಗ್ರಹ ಅಳೆದ ವಿಷಗಾಳಿ, ಎಲ್ಲರಿಗೂ ಕಳಿಸಿ.’ ಉಪಗ್ರಹ ವಿಷ ಅಳೆದಿಲ್ಲ ಮಾರಾಯ್ರೇ, ಬೆಳಕು ಅಳೆದಿದೆ!

ಟೆರಾ, ಆಕ್ವಾ ಉಪಗ್ರಹಗಳ ಮೋಡಿಸ್ ಉಪಕರಣದ ಕಣ್ಣಿಗೆ ಬೀಳುವುದು ನೆಲಕ್ಕೂ ಗಾಳಿಗೂ ತಾಗಿ ಮೇಲಕ್ಕೆ ಮರಳುವ ಬಿಸಿಲು. ಅದರಲ್ಲಿ ನೆಲದ ಪಾಲು, ಅನಿಲಗಳ ಪಾಲು ಕಳೆದು ತೇಲುವ ಕಣಗಳ ಪಾಲನ್ನು ಲೆಕ್ಕ ಹಾಕುತ್ತಾರೆ. ಆ ಸಂಖ್ಯೆಯೇ ಏರೋಸಾಲ್ ಆಪ್ಟಿಕಲ್ ಡೆಪ್ತ್, ಎಒಡಿ. ಅದು 1 ಇದ್ದರೆ, ನೆತ್ತಿಯ ಮೇಲಿನ ಸೂರ್ಯನ ನೇರ ಕಿರಣದಲ್ಲಿ ಕಣಗಳನ್ನು ದಾಟಿ ಬರುವುದು ನೂರಕ್ಕೆ ಸುಮಾರು 37 ಪಾಲು. 0.5 ಇದ್ದರೆ ಅರ್ಧ ಅಲ್ಲ, 61. ತಪ್ಪಿಹೋದ ಬೆಳಕೆಲ್ಲ ಮಾಯವಾಗುವುದೂ ಇಲ್ಲ. ಬಹುಪಾಲು ಚದುರಿ, ಆಕಾಶವನ್ನು ಬಿಳಚಿಸಿ, ಬೇರೆ ದಿಕ್ಕಿನಿಂದ ನೆಲಕ್ಕಿಳಿಯುತ್ತದೆ.

ಇದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಕಂಬದ ಲೆಕ್ಕ. ನಾವು ಉಸಿರಾಡುವುದು ಅದರ ಬುಡದ ಒಂದೆರಡು ಮೀಟರು. ಮೇ ತಿಂಗಳಲ್ಲಿ ಥಾರ್ ಮರುಭೂಮಿಯ ಧೂಳು ಗಂಗಾ ಬಯಲಿನ ಮೇಲೆ ಕಿಲೋಮೀಟರುಗಟ್ಟಲೆ ಎತ್ತರಕ್ಕೆ ಹಬ್ಬಿರುತ್ತದೆ: ನಕ್ಷೆ ಕೆಂಪು, ಆದರೆ ಅದರಲ್ಲಿ ಎಷ್ಟೋ ಪಾಲು ಮೂಗಿಗೆ ಸಿಗದು. ಜನವರಿಯ ಚಳಿಯಲ್ಲಿ ಗಾಳಿ ಬೆರೆಯುವ ಪದರ ಕೆಲವು ನೂರು ಮೀಟರಿಗೆ ಕುಗ್ಗಿ, ಹೊಗೆಯೆಲ್ಲ ತಲೆಯ ಮೇಲೇ ಕೂರುತ್ತದೆ. ಅದೇ ಎಒಡಿ, ಉಸಿರಿಗೆ ಎಷ್ಟೋ ಪಟ್ಟು ಕಷ್ಟ. ತೇವ ಹೆಚ್ಚಾದರೆ ಸಲ್ಫೇಟ್ ಕಣಗಳು ನೀರು ಹೀರಿ ಉಬ್ಬುತ್ತವೆ. ಕಣ ಒಂದೂ ಹೆಚ್ಚದೆ ಸಂಖ್ಯೆ ಏರುತ್ತದೆ. ಎಒಡಿಯಿಂದ ಪಿಎಂ 2.5 ಅನ್ನು, ಅಂದರೆ ನೆಲಮಟ್ಟದ ಗಾಳಿಯಲ್ಲಿರುವ ಸೂಕ್ಷ್ಮ ಕಣಗಳ ಪ್ರಮಾಣವನ್ನು, ಅಂದಾಜು ಮಾಡಬಹುದು, ಮಾಡುತ್ತಾರೆ. ಅದಕ್ಕೆ ಹವಾಮಾನದ ಮಾದರಿ ಬೇಕು, ನೆಲದ ಮೇಲಿನ ಮಾಪಕ ಬೇಕು. ಉಪಗ್ರಹದ ಎಒಡಿಯನ್ನೇ ಪರೀಕ್ಷಿಸಲು ಕಾನ್ಪುರದಲ್ಲಿ 2001ರಿಂದ ಸೂರ್ಯನನ್ನೇ ದಿಟ್ಟಿಸುವ ಫೋಟೋಮೀಟರ್ ಇದೆ. ಫಾರ್ವರ್ಡ್ ಮಾಡುವವರಿಗೆ ಇದ್ಯಾವುದೂ ಬೇಡ.

ನಕ್ಷೆಯಲ್ಲಿ ಬಣ್ಣವೇ ಇಲ್ಲದ ಜಾಗ ಶುದ್ಧವಂತೆ! ಜುಲೈನಲ್ಲಿ ಬೆಂಗಳೂರು ಖಾಲಿ ಕಂಡದ್ದಕ್ಕೆ ನಮ್ಮ ಭಾವ ಬೀಗಿದ್ದೇ ಬೀಗಿದ್ದು. ಅದು ಮೋಡ, ಭಾವ, ಅಳತೆಯೇ ಆಗಿಲ್ಲ. ಒಮ್ಮೊಮ್ಮೆ ಹೊಗೆ ತೀರಾ ದಟ್ಟವಾದರೆ ತಂತ್ರಾಂಶ ಅದನ್ನೂ ಮೋಡವೆಂದು ಬಗೆದು ಬಿಟ್ಟುಬಿಡುತ್ತದೆ. ಅಂದರೆ ಅತಿ ಕೆಟ್ಟ ಜಾಗವೇ ಖಾಲಿ ಕಾಣಬಹುದು.

ತರಕಾರಿ ತಕ್ಕಡಿಯ ಮುಳ್ಳನ್ನು ಬಗ್ಗಿ ಬಗ್ಗಿ ನೋಡುವ ಜನ ನಾವು. ನಕ್ಷೆಯ ಪಕ್ಕದ ಬಣ್ಣದ ಪಟ್ಟಿಯಲ್ಲಿ ಕೆಂಪು ಎಂದರೆ 0.5 ಎಂದೋ 2 ಎಂದೋ ನೋಡುವವರಿಲ್ಲ. ‘ನಾಸಾ’ ಎಂದು ಬರೆದಿದ್ದರೆ ಸಾಕು, ತೀರ್ಥದಂತೆ ಕಣ್ಣಿಗೊತ್ತಿಕೊಳ್ಳುತ್ತೇವೆ.

ಇಷ್ಟೆಲ್ಲ ಭಾವನಿಗೆ ಬರೆದು ಕಳಿಸಿದೆ. ಉತ್ತರವಾಗಿ ಇನ್ನೊಂದು ನಕ್ಷೆ ಬಂತು, ತುಂಬ ಕೆಂಪು ಚುಕ್ಕಿಗಳು: ‘ನೋಡು, ಹೊಗೆ!’ ಅವು ಹೊಗೆಯಲ್ಲ, ಉಪಗ್ರಹಕ್ಕೆ ಬೆಂಕಿಯ ಬಿಸಿ ಕಂಡ ಜಾಗಗಳು.