ಮೂರು ಶಾಸ್ತ್ರ, ಒಂದು ಲೆಕ್ಕ

ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಈ ಮೂರನ್ನೂ ಒಟ್ಟಿಗೆ ಅಭ್ಯಾಸಮಾಡಲು ನಮ್ಮ ನಾಡಿನ ಅನೇಕ ಕಾಲೇಜುಗಳಲ್ಲಿ ಅವಕಾಶವುಂಟು. ಆದರೆ ಒಂದು ಸೂತ್ರಗಳ ಶಾಸ್ತ್ರ, ಇನ್ನೊಂದು ಅಂಕಿ ಅಂಶಗಳ ಶಾಸ್ತ್ರ, ಮತ್ತೊಂದು ಹಣಕಾಸಿನ ಶಾಸ್ತ್ರ. ಇವುಗಳಿಗೆ ಪರಸ್ಪರ ನಂಟೇನು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಇದಕ್ಕೆ ಉತ್ತರವನ್ನು ಗದ್ದೆಯ ಬದುವಿನ ಮೇಲೆ ನಿಂತು ಹುಡುಕೋಣ.

ಅವಿಭಜಿತ ಬಂಗಾಳದಲ್ಲಿ 1793ರ ಖಾಯಂ ಜಮೀನ್ದಾರಿ ಪದ್ಧತಿಯ ಫಲವಾಗಿ, ನಮ್ಮ ಶಾನುಭೋಗರಂತೆ ವರ್ಷವರ್ಷವೂ ಬೆಳೆಯ ವಿವರವನ್ನು ಬರೆದಿಡುವ ಗ್ರಾಮಲೆಕ್ಕಿಗರ ವ್ಯವಸ್ಥೆ ಬೆಳೆಯಲಿಲ್ಲ. 1943ರಲ್ಲಿ ಅಲ್ಲಿ ಭೀಕರ ಕ್ಷಾಮ ಬಂದಾಗ, ಭತ್ತದ ಬೆಳೆ ಎಷ್ಟೆಂಬುದಕ್ಕೆ ನೆಚ್ಚತಕ್ಕ ಲೆಕ್ಕವಿರಲಿಲ್ಲ. ಕ್ಷಾಮಕ್ಕೆ ಅದೊಂದೇ ಕಾರಣವಲ್ಲ. ಆದರೆ ಅಂಕಿ ತಪ್ಪಿದಲ್ಲಿ ಅನ್ನವೂ ತಪ್ಪೀತೆಂಬುದನ್ನು ಮರೆಯಲಾಗದು.

ಲಕ್ಷಾಂತರ ಗದ್ದೆಗಳನ್ನು ಒಂದೂ ಬಿಡದೆ ಅಳೆಯುವುದು ದುಸ್ಸಾಧ್ಯ. ಕೆಲವನ್ನು ಮಾತ್ರ ಆರಿಸಿ ಅಳೆಯಬೇಕು. ರಸ್ತೆಯ ಪಕ್ಕದವನ್ನೇ ಆರಿಸಿದರೆ ಲೆಕ್ಕ ಒಂದು ಕಡೆಗೆ ವಾಲೀತು. ಆದುದರಿಂದ ಚೀಟಿ ಎತ್ತಿದಂತೆ, ಯಾದೃಚ್ಛಿಕವಾಗಿ ಆರಿಸಬೇಕೆಂದು ಸಂಖ್ಯಾಶಾಸ್ತ್ರ ವಿಧಿಸುತ್ತದೆ. ಹೀಗೆ ದೊರೆತ ಸರಾಸರಿಯಲ್ಲಿ ಎಷ್ಟು ದೋಷವನ್ನು ನಿರೀಕ್ಷಿಸಬಹುದೆಂಬುದನ್ನು ಗಣಿತ ತಿಳಿಸುತ್ತದೆ. ಇಳುವರಿಯ ಏರುಪೇರಿನ ಅಳತೆಯಾದ ಮಾನಕ ವಿಚಲನೆಯನ್ನು, ಆರಿಸಿದ ಗದ್ದೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. ಆ ವಿಚಲನೆ ಎಕರೆಗೆ 4 ಕ್ವಿಂಟಲ್ ಎಂದಿಟ್ಟುಕೊಳ್ಳಿ. 100 ಗದ್ದೆಗಳನ್ನು ಅಳೆದರೆ ದೋಷ 0.4 ಕ್ವಿಂಟಲ್, 400 ಅಳೆದರೆ 0.2, 1,600 ಅಳೆದರೆ 0.1.

ದೋಷವು ಅರ್ಧಕ್ಕಿಳಿಯಬೇಕಾದರೆ ದುಡಿಮೆ ನಾಲ್ಮಡಿಯಾಗಬೇಕೆಂದಾಯಿತು. ಹಾಗಾದರೆ ಎಲ್ಲಿ ನಿಲ್ಲಿಸಬೇಕು? ಈ ಪ್ರಶ್ನೆಗೆ ವರ್ಗಮೂಲವು ಉತ್ತರ ಹೇಳಲಾರದು. ಮುಂದಿನ ಒಂದು ಗದ್ದೆಯನ್ನು ಅಳೆಯುವ ಖರ್ಚು, ಅದರಿಂದ ದೊರೆಯುವ ನಿಖರತೆಯ ಬೆಲೆಯನ್ನು ಮೀರುವಲ್ಲಿ ನಿಲ್ಲಬೇಕು. ಇದನ್ನೇ ಅರ್ಥಶಾಸ್ತ್ರಜ್ಞರು ಸೀಮಾಂತ ವೆಚ್ಚ, ಸೀಮಾಂತ ಲಾಭಗಳ ತುಲನೆ ಎನ್ನುವರು.

ಈ ಮೂರನ್ನೂ ಒಂದೆಡೆ ಹೆಣೆದವರಲ್ಲಿ ಪ್ರಶಾಂತಚಂದ್ರ ಮಹಲನೋಬಿಸರು (1893–1972) ಪ್ರಮುಖರು. ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. 1937ರಲ್ಲಿ ಬಂಗಾಳದ ಸೆಣಬಿನ ಬೆಳೆಯ ಮಾದರಿ ಸಮೀಕ್ಷೆಯನ್ನು ಕೈಗೊಂಡಾಗ, ಮೊದಲು ಸಣ್ಣ ಪ್ರಮಾಣದ ಪ್ರಯೋಗಗಳನ್ನು ನಡೆಸಿ, ದೋಷವನ್ನೂ ವೆಚ್ಚವನ್ನೂ ಸಮೀಕರಣಗಳಲ್ಲಿ ನಿರೂಪಿಸಿ, ಇದ್ದ ಹಣದಲ್ಲಿ ಆದಷ್ಟು ನಿಖರವಾದ ಯೋಜನೆ ಯಾವುದೆಂದು ಹುಡುಕಿದರು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಈ ಅನುಭವವೇ ತಳಹದಿಯಾಯಿತು.

ಮೂರು ಶಾಸ್ತ್ರಗಳಲ್ಲಿ ಯಾವುದೊಂದನ್ನು ಬಿಟ್ಟರೂ ಲೆಕ್ಕ ಕುಂಟುತ್ತದೆ. ಗಣಿತವಿಲ್ಲದಿದ್ದರೆ ದೋಷದ ಅಳತೆಯಿಲ್ಲ. ಸಂಖ್ಯಾಶಾಸ್ತ್ರವಿಲ್ಲದಿದ್ದರೆ ಆಯ್ಕೆಯಲ್ಲಿ ನಂಬಿಕೆಯಿಲ್ಲ. ಅರ್ಥಶಾಸ್ತ್ರವಿಲ್ಲದಿದ್ದರೆ ಅಳೆದುದರ ಪ್ರಯೋಜನವೇನೆಂಬ ಅರಿವಿಲ್ಲ. ಆದುದರಿಂದ ಈ ವಿಷಯಗಳನ್ನು ಆರಿಸಿಕೊಂಡ ವಿದ್ಯಾರ್ಥಿಯು ಮೂರು ಪುಸ್ತಕಗಳನ್ನು ಬೇರೆಬೇರೆಯಾಗಿ ಓದಿದರೆ ಸಾಲದು. ಅವಕಲನದಲ್ಲಿ ಕಲಿತ ಕನಿಷ್ಠ ಬೆಲೆಯನ್ನು ವೆಚ್ಚದ ಲೆಕ್ಕದಲ್ಲಿಯೂ, ಸರಾಸರಿಯ ಪಾಠವನ್ನು ತನ್ನೂರಿನ ಸಂತೆಯ ಧಾರಣೆಯಲ್ಲಿಯೂ ಹಚ್ಚಿ ನೋಡಬೇಕು.